ಕೆಂಪಿಲ್ಲದ ಟಿವಿ

ನಮ್ಮ ಮನೆಗೆ ಬಣ್ಣದ ಟಿವಿ ತಂದದ್ದು ನನಗೆ ಶಾಲೆಯಲ್ಲಿ ಕೆಲಸ ಸಿಕ್ಕ ಎರಡನೇ ವರ್ಷ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಮ್ಮದು ಮೊಳಕಾಲ್ಮೂರು. ಪಕ್ಕದ ಸಿದ್ದಾಪುರದ ಆಚೆಗಿನ ಒಂದು ಹಳ್ಳಿಯಲ್ಲಿ ನಾನು ಚಿಕ್ಕ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮನೆಯಲ್ಲಿ ಅಪ್ಪ ಮಗ್ಗದ ಮೇಲೆ ರೇಷ್ಮೆ ಸೀರೆ ನೇಯುತ್ತಿದ್ದ, ಅವ್ವ ನೂಲಿಗೆ ಬಣ್ಣ ಹಾಕುತ್ತಿದ್ದಳು.

ಅವ್ವನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಸೀರೆ ವ್ಯಾಪಾರಿಗಳು ಒಂದು ಗೇಣು ಉದ್ದದ ಎಳೆಯನ್ನು ಮಾದರಿ ಎಂದು ಕೊಟ್ಟು ಹೋಗುತ್ತಿದ್ದರು. ಅದೇ ಬಣ್ಣದ ನೂಲು ಬೇಕು ಎಂದರೆ ಅದೇ ಬಣ್ಣ ಬರಬೇಕು. ಹಿತ್ತಲಲ್ಲಿ ಎರಡು ತಾಮ್ರದ ಹಂಡೆಗಳಿದ್ದವು. ಕುದಿಯುವ ನೀರಿಗೆ ಅವ್ವ ಬಣ್ಣದ ಪುಡಿಯನ್ನು ಚಿಟಿಕೆಯಲ್ಲೇ ಹಾಕುತ್ತಿದ್ದಳು. ತೂಕದ ತಕ್ಕಡಿ ಮನೆಯಲ್ಲಿತ್ತು, ಅವಳು ಅದನ್ನು ಮುಟ್ಟಿದ್ದು ನಾನು ಕಂಡಿಲ್ಲ. ಒಂದು ಎಳೆ ಎತ್ತಿ, ಬಾಯಿಂದ ಊದಿ ಒಣಗಿಸಿ, ಹಿತ್ತಲ ಬಾಗಿಲ ಹತ್ತಿರ ತಂದು ಮಾದರಿಯ ಪಕ್ಕ ಹಿಡಿಯುತ್ತಿದ್ದಳು. ಒದ್ದೆ ಎಳೆ ಯಾವಾಗಲೂ ಕಪ್ಪಗೆ ಕಂಡು ಮೋಸ ಮಾಡುತ್ತದೆ ಎನ್ನುತ್ತಿದ್ದಳು. ನಮಗೆಲ್ಲ ಒಂದೇ ಕೆಂಪಾಗಿ ಕಾಣುವುದನ್ನು ಅವಳು ಕುಂಕುಮ, ದಾಳಿಂಬೆ, ಅರಗು, ಒಣಮೆಣಸಿನಕಾಯಿ ಎಂದು ಬೇರೆ ಬೇರೆ ಮಾಡಿ ಗಳದ ಮೇಲೆ ಒಣಹಾಕುತ್ತಿದ್ದಳು.

ಮನೆಯಲ್ಲಿ ಮುಂಚೆ ಒಂದು ಕಪ್ಪು ಬಿಳುಪಿನ ಟಿವಿ ಇತ್ತು. ಮರದ ಪೆಟ್ಟಿಗೆಯಲ್ಲಿ ಕೂತಿದ್ದ, ಎಳೆಯುವ ಬಾಗಿಲಿನ ಹಳೇ ಕಾಲದ್ದು. ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇರುತ್ತಿತ್ತು. ಒಂದು ದಿನ ಅದು ಉರುಳುವುದನ್ನೂ ನಿಲ್ಲಿಸಿತು. ಆಗ ನಾನು, ಬಣ್ಣದ್ದು ತರೋಣ, ಸಣ್ಣದಾದರೂ ಪರವಾಗಿಲ್ಲ, ನನ್ನ ಸಂಬಳದಲ್ಲಿ ಆಗುತ್ತದೆ ಎಂದೆ. ಅಪ್ಪ ಕೂಡಲೇ ಒಪ್ಪಿದ. ಅವ್ವ, "ಯಾವುದಾನ ತರ್ರಿ, ನನಗೇನು ಅದ್ರ ಮುಂದೆ ಕುಂದ್ರಾಕೆ ಪುರುಸೊತ್ತೈತಾ?" ಅಂದಳು.

ನಮ್ಮೂರಿನ ಅಂಗಡಿಯಲ್ಲಿ ಇದ್ದದ್ದೇ ಎರಡು ಟಿವಿ. ಹಾಗಾಗಿ ಒಂದು ಭಾನುವಾರ ಅಪ್ಪ ಮತ್ತು ನಾನು ಚಳ್ಳಕೆರೆಗೆ ಹೋದೆವು. ಮದುವೆ ಕಾಲ, ಹಂಡೆಯಲ್ಲಿ ನೂಲು ಕುದಿಯುತ್ತಿತ್ತು, ಅವ್ವ ಬರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಅವಳು ಆವತ್ತು ಬರದೇ ಇದ್ದದ್ದೇ ಕಾರಣ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಚಳ್ಳಕೆರೆಯಲ್ಲಿ ಬಸ್ಸಿಳಿದರೆ ಮೊದಲು ಬರುವುದು ಕಡ್ಲೆಕಾಯಿ ಎಣ್ಣೆ ಮಿಲ್ಲುಗಳ ವಾಸನೆ. ಮುಖ್ಯ ರಸ್ತೆಯಲ್ಲೇ ಒಂದು ದೊಡ್ಡ ಅಂಗಡಿ ಇತ್ತು. ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಒಳಗಿನ ಗೋಡೆಗೆ ಸಾಲಾಗಿ ಟಿವಿಗಳು. ಎಲ್ಲದರಲ್ಲೂ ಒಂದೇ ಚಾನೆಲ್. ಒಂದೇ ಹೆಣ್ಣುಮಗಳು ಹತ್ತು ಹನ್ನೆರಡು ಕಡೆ ಒಟ್ಟಿಗೇ ತಲೆ ತಿರುಗಿಸುತ್ತಿದ್ದಳು. ಅಂಗಡಿಯವರು ಹಣೆಗೆ ವಿಭೂತಿ ಹಚ್ಚಿದ, ಮೆಲ್ಲಗೆ ಮಾತಾಡುವ ಮನುಷ್ಯ. ಅವರ ಮನೆತನದ್ದು ಎಣ್ಣೆ ವ್ಯಾಪಾರ, ಇವರು ಮಾತ್ರ ಈ ದಾರಿಗೆ ಬಂದವರು. ನಮ್ಮನ್ನು ಕೂರಿಸಿ ನೀರು ಕೊಡಿಸಿದರು.

ಹೆಸರು ಗೊತ್ತಿರುವ ಕಂಪನಿಯ ಟಿವಿಗಳ ಬೆಲೆ ಕೇಳಿ ನಾನು ಅಪ್ಪನ ಮುಖ ನೋಡಿದೆ. ಅಂಗಡಿಯವರಿಗೆ ಅರ್ಥವಾಯಿತು. ಮೂಲೆಯಲ್ಲಿದ್ದ ಒಂದನ್ನು ತೋರಿಸಿದರು. ಅದರ ಮೇಲಿದ್ದ ಹೆಸರು ನಾನು ಎಲ್ಲೂ ಓದಿರಲಿಲ್ಲ.

"ದೊಡ್ಡ ಕಂಪನೀದಾದ್ರೆ ಹೆಸರಿಗೂ ದುಡ್ಡು ಕೊಡ್ಬೇಕಾಗ್ತೈತೆ ನೋಡ್ರಿ. ಇದ್ರೊಳಗೂ ಅದೇ ಸಾಮಾನು, ಮೇಲಿನ ಹೆಸರೊಂದು ಬೇರೆ," ಅಂದರು.

ಟಿವಿಯಲ್ಲಿ ಒಂದು ತೋಟ ಬಂತು. ಹಸಿರು ಕಣ್ಣಿಗೆ ಹೊಡೆಯುವ ಹಾಗಿತ್ತು, ಹಳದಿ ಹೂವುಗಳು ಗಾಜಿನಿಂದ ಹೊರಗೆ ಬಂದ ಹಾಗೆ ಕಂಡವು. ಅಷ್ಟು ಹೊಳೆಯುವುದೇ ಒಳ್ಳೆಯ ಪರದೆ ಎಂದು ನಾನು ತಿಳಿದೆ. ಅಂಗಡಿಯಲ್ಲಿ ಬಣ್ಣ, ಬೆಳಕು ಎಲ್ಲವನ್ನೂ ತುದಿಗೆ ಏರಿಸಿ ಇಟ್ಟಿರುತ್ತಾರೆ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ. "ಮನೆಗೆ ಹೋದ್ಮೇಲೆ ಏನಾದ್ರೂ ಸರಿ ಇಲ್ಲ ಅಂದ್ರೆ?"

"ತಗಂಡು ಬರ್ರಿ ನೋಡಾಣ. ನಾವೇನು ಊರು ಬಿಟ್ಟು ಹೋಗ್ತೀವಾ?"

ಆ ಮಾತು ನಮಗೆ ಸಾಕಾಯಿತು. ಬಿಲ್ಲನ್ನು ಓದದೆ ಮಡಿಚಿ ಬ್ಯಾಗಿಗೆ ಹಾಕಿದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಡಬ್ಬವನ್ನು ಇಟ್ಟು ಅಪ್ಪ ಅದನ್ನು ಎರಡೂ ಕೈಯಲ್ಲಿ ತಬ್ಬಿ ಕೂತ. ತಳಕು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಪ್ರತಿ ಗುಂಡಿಗೂ ಅಪ್ಪ ಡಬ್ಬವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದ.

ಸಂಜೆಗೆ ಕೇಬಲ್‌ನವರು ಬಂದು ವೈರು ಕೊಟ್ಟರು. ಅಕ್ಕಪಕ್ಕದವರು ಬಂದು ನೋಡಿ, ಚೆನ್ನಾಗೈತೆ ಎಂದು ಹೇಳಿ ಚಹಾ ಕುಡಿದು ಹೋದರು. ಅವ್ವ ಸೆರಗಿಗೆ ಕೈ ಒರೆಸುತ್ತಾ ಬಂದು ಕೂತಳು. ಧಾರಾವಾಹಿಯೊಂದರಲ್ಲಿ ಮದುವೆ ನಡೆಯುತ್ತಿತ್ತು. ಹತ್ತು ನಿಮಿಷ ನೋಡಿದಳು. "ಹೆಂಗೈತವ್ವಾ?" ಎಂದು ಕೇಳಿದೆ. "ಹ್ಞೂಂ," ಎಂದು ಎದ್ದು ಹೋದಳು. ಆ ಹ್ಞೂಂ ನನಗೆ ಗೊತ್ತಿತ್ತು. ಹಂಡೆಯಿಂದ ಎತ್ತಿದ ಎಳೆ ಮಾದರಿಗೆ ಕೂಡದಿದ್ದಾಗ ಅವಳ ಬಾಯಿಂದ ಬರುವುದು ಅದೇ.

ಮಾರನೇ ದಿನ ನಾನು ಶಾಲೆಗೆ ಹೊರಡುವ ಮೊದಲು ನೋಡಿದರೆ ಅವ್ವ ಟಿವಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಎರಡು ಲಡಿ ನೂಲು, ಒಂದು ಕುಂಕುಮ ಕೆಂಪು, ಇನ್ನೊಂದು ಅರಗಿನ ಬಣ್ಣ. ಪರದೆಯ ಮೇಲೆ ಅಡುಗೆಯ ಕಾರ್ಯಕ್ರಮ ಬರುತ್ತಿತ್ತು. ಟೊಮೆಟೊ ಹೆಚ್ಚುತ್ತಿದ್ದರು.

"ಇದಿ ಎರುಪು ಕಾದು," ಅಂದಳು. ಅವ್ವನ ತವರು ಆಂಧ್ರದ ಗಡಿಯಾಚೆ. ಸಿಟ್ಟು ಬಂದಾಗ ಅವಳಿಗೆ ತೆಲುಗು ಬರುತ್ತಿತ್ತು. ಆಮೇಲೆ ನನಗೆಂದು ಕನ್ನಡದಲ್ಲಿ ಹೇಳಿದಳು: "ಇದು ಕೆಂಪಲ್ಲ. ಇದ್ರಾಗೆ ಕೆಂಪೇ ಇಲ್ಲ. ಟೊಮೆಟೊ ನೋಡು, ಇಟ್ಟಿಗೆ ಹೆಚ್ಚಿದಂಗೈತೆ."

ನಾನು ರಿಮೋಟ್ ತೆಗೆದುಕೊಂಡು ಬಣ್ಣ ಏರಿಸಿದೆ. ಟೊಮೆಟೊ ಕಿತ್ತಳೆಯಾಯಿತು, ಹೆಚ್ಚುವವಳ ಮುಖವೂ ಕಿತ್ತಳೆಯಾಯಿತು. ಇಳಿಸಿದರೆ ಎಲ್ಲದಕ್ಕೂ ಪಾಚಿ ಕಟ್ಟಿದ ಹಾಗೆ ಆಗುತ್ತಿತ್ತು. ಬಸ್ಸು ಬಂದ ಸದ್ದಾಯಿತು, ರಿಮೋಟ್ ಇಟ್ಟು ಓಡಿದೆ.

ಆ ದಿನವೇ ನಾನು ಇನ್ನೊಂದು ಕೆಲಸ ಮಾಡಿದ್ದೆ. ಟಿವಿಯ ಡಬ್ಬದೊಳಗೆ ನಾಲ್ಕು ಮೂಲೆಗೆ ಬಿಳಿ ಥರ್ಮೋಕೋಲ್ ಇತ್ತಲ್ಲ, ಅದನ್ನು ಶಾಲೆಗೆ ಒಯ್ದು ಮಕ್ಕಳ ಜೊತೆ ಕೂತು ಕತ್ತರಿಸಿ ನಮ್ಮ ಜಿಲ್ಲೆಯ ನಕಾಶೆ ಮಾಡಿಸಿದೆ. ಗುಡ್ಡಗಳಿಗೆಂದು ಒಂದರ ಮೇಲೊಂದು ತುಂಡು ಅಂಟಿಸಿದೆವು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಗೆ ಎತ್ತರ ಸಾಲಲಿಲ್ಲ ಎಂದು ಕೊನೆಯ ಮೂಲೆಯನ್ನೂ ಬಳಸಿದೆವು.

ಮೂರು ನಾಲ್ಕು ದಿನ ಮನೆಯಲ್ಲಿ ಅದೇ ಮಾತು. ಅವ್ವ ಟಿವಿ ನೋಡುವುದು ಬಿಟ್ಟು ಟಿವಿಯ ಬಣ್ಣ ನೋಡುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ, "ಬರೋ ಭಾನುವಾರ ವಾಪಸ್ ಕೊಟ್ಟು ಬರಾಣ," ಅಂದಳು.

ಅಪ್ಪನಿಗೆ ಅಂಗಡಿಯವರ ಮುಂದೆ ನಿಂತು ವಾದ ಮಾಡುವುದೆಂದರೆ ಮೈ ಕುಗ್ಗುತ್ತಿತ್ತು. "ಕಡಿಮೆ ರೇಟಿಂದು ಅಂದ್ರೆ ಅಷ್ಟೇ ಕಣೇ. ಚಿತ್ರ ಕಾಣ್ತೈತೆ, ಮಾತು ಕೇಳ್ತೈತೆ. ಹೋಗ್ಲಿ ಬಿಡು," ಅಂದ.

ಅವ್ವ ತುತ್ತು ಕೆಳಗಿಟ್ಟಳು. "ನಮ್ಮ ಮೂರು ಸೀರೆ ವಾಪಸ್ ಬಂದಾಗ ಯಾರಾನ ಹೋಗ್ಲಿ ಬಿಡು ಅಂದ್ರಾ?"

ಅದು ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದು. ಅಂಚಿನ ನೂಲಿಗೂ ಸೆರಗಿನ ನೂಲಿಗೂ ಅವ್ವ ಬೇರೆ ಬೇರೆ ದಿನ ಬಣ್ಣ ಹಾಕಿದ್ದಳು. ನೇಯುವಾಗ ದೀಪದ ಬೆಳಕಿನಲ್ಲಿ ಗೊತ್ತಾಗಿರಲಿಲ್ಲ. ವ್ಯಾಪಾರಿ ಮೂರೂ ಸೀರೆಯನ್ನು ತಂದು ನಡುಮನೆಯಲ್ಲಿ ಬಿಚ್ಚಿ ಹಾಕಿದ್ದರು. ಅವ್ವ ಅವನ್ನು ಅಂಗಳದ ಬಿಸಿಲಿಗೆ ಒಯ್ದು ನೋಡಿ, ಹೌದು, ಎರಡು ಕೆಂಪೈತೆ, ತಪ್ಪು ನಂದೇ ಎಂದಿದ್ದಳು. ಅಪ್ಪನ ಒಂದು ತಿಂಗಳ ಮೇಲಿನ ದುಡಿಮೆ ಅದು. ಆಮೇಲೆ ಒಂದು ಸೀರೆಯ ನೂಲನ್ನು ಅವಳು ಎರಡು ಹಂಡೆಗೆ ಹಾಕಲೇ ಇಲ್ಲ. ಅಂದರೆ, ವಾಪಸ್ ಎನ್ನುವ ಮಾತು ನಮ್ಮ ಮನೆಗೆ ಹೊಸದಾಗಿರಲಿಲ್ಲ. ಆದರೆ ಯಾವಾಗಲೂ ವಾಪಸ್ ಬರುತ್ತಿದ್ದದ್ದು ನಮ್ಮ ಮಾಲು. ನಾವು ಯಾರಿಗೂ ಏನನ್ನೂ ವಾಪಸ್ ಕೊಟ್ಟಿರಲಿಲ್ಲ.

ಬಿಲ್ಲು ತೆಗೆದು ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂದು ಅಚ್ಚಾಗಿತ್ತು. ಜೊತೆಗಿದ್ದ ಗ್ಯಾರಂಟಿ ಕಾರ್ಡಿನಲ್ಲಿ ಒಂದು ವರ್ಷ ರಿಪೇರಿ ಮಾಡಿಕೊಡುತ್ತೇವೆ ಎಂದಿತ್ತು. ಯಾವುದೇ ದೂರಿಗೆ ಮೂಲ ಡಬ್ಬ ಮತ್ತು ಪ್ಯಾಕಿಂಗ್ ಸಾಮಾನು ಇರಬೇಕು ಎಂದೂ ಇತ್ತು. ಪ್ಯಾಕಿಂಗ್ ಸಾಮಾನು ಆಗಲೇ ಶಾಲೆಯ ಗೋಡೆಯ ಮೇಲೆ ಗುಡ್ಡವಾಗಿತ್ತು.

ಅವ್ವನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಕೌದಿ ಸುತ್ತಿ ಒಯ್ಯಾಣ," ಅಂದಳು ಅಷ್ಟೇ.

ಭಾನುವಾರ ಮೂವರೂ ಹೊರಟೆವು. ಟಿವಿಗೆ ಕೌದಿ ಸುತ್ತಿ ಡಬ್ಬದೊಳಗೆ ಇಳಿಸಿದೆವು. ಅವ್ವನ ಕೈಚೀಲದಲ್ಲಿ ಎರಡು ಲಡಿ ನೂಲಿತ್ತು. ಬಸ್ಸಿನಲ್ಲಿ ಕಂಡಕ್ಟರ್, ಹೋದ ವಾರ ಆ ಕಡೆಯಿಂದ ಬಂತಲ್ಲ ಇದು, ಅಂದ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಅಂಗಡಿಯಲ್ಲಿ ಮೂರು ನಾಲ್ಕು ಗಿರಾಕಿಗಳಿದ್ದರು. ಅಂಗಡಿಯವರು ನಮ್ಮನ್ನು ನೋಡಿ ನಕ್ಕು, ಡಬ್ಬ ನೋಡಿ ನಗು ನಿಲ್ಲಿಸಿದರು.

"ಏನಾತ್ರಿ ಯಜಮಾನ್ರೆ?"

ಅಪ್ಪ ಅವ್ವನ ಕಡೆ ನೋಡಿದ. ಅವ್ವ, "ಇದ್ರಾಗೆ ಕೆಂಪು ಇಲ್ಲರಿ. ವಾಪಸ್ ತಗಳ್ರಿ," ಅಂದಳು.

ಅವರು ಟಿವಿಯನ್ನು ಹೊರಗೆ ತೆಗೆಸಿದರು. ಕೌದಿ ನೋಡಿ, "ಥರ್ಮೋಕೋಲ್ ಎಲ್ಲೈತೆ?" ಅಂದರು. ನಾನು ಇದ್ದದ್ದನ್ನು ಹೇಳಿದೆ. ಅವರು ತಲೆ ಆಡಿಸಿ ವೈರು ಚುಚ್ಚಿ ಟಿವಿ ಹಾಕಿದರು. ರಿಮೋಟ್ ಹಿಡಿದು ಏನೇನೋ ಒತ್ತಿದರು. ಪರದೆ ಝಗ್ಗೆಂದು ಬೆಳಗಿತು. ಅಲ್ಲಿನ ಟ್ಯೂಬ್‌ಲೈಟುಗಳ ಕೆಳಗೆ, ಅಷ್ಟು ಟಿವಿಗಳ ನಡುವೆ, ಅದು ನನಗೆ ಮತ್ತೆ ಚೆನ್ನಾಗಿಯೇ ಕಂಡಿತು.

"ನೋಡ್ರಿ, ಎಲ್ಲಾ ಬಣ್ಣ ಐತೆ. ಮನೆಯಾಗೆ ಸೆಟ್ಟಿಂಗ್ ಸರಿ ಮಾಡಿಕಂಡಿಲ್ಲ ನೀವು," ಅಂದರು. ಬಿಲ್ಲಿನ ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿದರು. "ಮತ್ತೆ ಇದೂ ಬರ್ದೈತೆ. ಗ್ಯಾರಂಟಿ ಬೇರೆ, ವಾಪಸ್ ಬೇರೆ ಅವ್ವಾ. ಕೆಟ್ಟರೆ ರಿಪೇರಿ ಮಾಡಿಸ್ತೀನಿ. ಕೆಟ್ಟಿಲ್ಲದ್ದನ್ನ ಹೆಂಗೆ ತಗಳ್ಳಿ?"

ಅವ್ವ ದನಿ ಏರಿಸಲಿಲ್ಲ. ಪಕ್ಕದಲ್ಲಿ ಪ್ರದರ್ಶನಕ್ಕಿಟ್ಟಿದ್ದ ಬೇರೊಂದು ಟಿವಿಯನ್ನು ತೋರಿಸಿ, ಅದರಲ್ಲೂ ಇದರಲ್ಲೂ ಒಂದೇ ಚಾನೆಲ್ ಹಾಕಿ ಎಂದಳು. ಹಾಕಿದರು. ಇಬ್ಬರು ಹೆಂಗಸರು ಕೂತು ಮಾತಾಡುತ್ತಿದ್ದ ಕಾರ್ಯಕ್ರಮ. ಅವ್ವ ಚೀಲದಿಂದ ಎರಡು ಲಡಿ ತೆಗೆದು ಮೇಜಿನ ಮೇಲಿಟ್ಟಳು.

"ಇವೆರಡೂ ಒಂದೇ ಬಣ್ಣವೇನ್ರಿ?"

"ಅಲ್ಲ. ಇದು ಕೆಂಪು. ಇದು ಸ್ವಲ್ಪ ಕಪ್ಪೈತೆ, ಅರಗಿನ ಬಣ್ಣ."

"ಆ ಟಿವಿಯಾಗೆ ನೋಡ್ರಿ. ಎಡಗಡೆ ಕುಂತಾಕಿ ಸೀರೆ ಈ ಬಣ್ಣ, ಬಲಗಡೆ ಆಕೀದು ಈ ಬಣ್ಣ. ಈಗ ನಿಮ್ಮ ಟಿವಿ ನೋಡ್ರಿ."

ಅಂಗಡಿಯವರು ನೋಡಿದರು. ಗಿರಾಕಿಗಳೂ ನೋಡಿದರು. ನಮ್ಮ ಟಿವಿಯಲ್ಲಿ ಇಬ್ಬರೂ ಒಂದೇ ಥಾನಿನ ಬಟ್ಟೆ ಉಟ್ಟ ಹಾಗೆ ಕೂತಿದ್ದರು. ಅದೂ ಮಣ್ಣಿನ ಬಣ್ಣದ್ದು. ಒಬ್ಬರು ಗಿರಾಕಿ, ಹೌದಲ್ರಿ, ಎಂದು ಮೆಲ್ಲಗೆ ಅಂದರು.

"ಅವ್ವಾ, ಟಿವಿ ಅಂದ್ರೆ ಸೀರೆ ಅಲ್ಲ," ಅಂದರು ಅಂಗಡಿಯವರು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಪಕ್ಕದ ಮಳಿಗೆಯಲ್ಲಿ ರೇಡಿಯೋ ಟಿವಿ ರಿಪೇರಿ ಮಾಡುತ್ತಿದ್ದ ಸಾಬರನ್ನು ಕರೆಸಿದರು. ಗಡ್ಡ ಅರ್ಧ ನರೆತಿದ್ದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಮನುಷ್ಯ. ಈ ಅಂಗಡಿಯ ಗ್ಯಾರಂಟಿ ರಿಪೇರಿಯೆಲ್ಲ ಅವರದೇ ಎಂದು ಅಲ್ಲಿದ್ದ ಗಿರಾಕಿಯೊಬ್ಬರು ಹೇಳಿದರು. ಹಾಗಾಗಿ ಅವರು ಅಂಗಡಿಯವರ ಕಡೆಗೇ ಮಾತಾಡುತ್ತಾರೆ ಎಂದುಕೊಂಡು ಅಪ್ಪ ಆಗಲೇ ಮತ್ತೆ ಟಿವಿಗೆ ಸುತ್ತಲು ಕೌದಿ ಕೈಗೆತ್ತಿಕೊಂಡಿದ್ದ.

ಸಾಬರು ದೂರು ಕೇಳಿಸಿಕೊಂಡರು. ರಿಮೋಟ್ ತೆಗೆದುಕೊಂಡು ಎರಡೂ ಟಿವಿಯಲ್ಲಿ ಬಣ್ಣವನ್ನು ಪೂರ್ತಿ ಸೊನ್ನೆಗೆ ಇಳಿಸಿದರು. ಎರಡೂ ಕಪ್ಪು ಬಿಳುಪಾದವು.

"ಈಗ ನೋಡ್ರಿ," ಅಂದರು. "ಬಣ್ಣ ತೆಗೆದ್ಮೇಲೆ ಬಿಳಿ ಬಿಳಿಯಾಗೇ ಇರ್ಬೇಕು. ಆ ಟಿವಿಯಾಗೆ ಐತೆ. ಇದ್ರಾಗೆ ಸಫೇದ್ ಸಫೇದ್ ಇಲ್ಲ, ಹಸಿರು ನೀಲಿ ಹೊಡೀತೈತೆ. ಮೂರು ಬಣ್ಣ ಸಮ ಕೂಡಿದ್ರೆ ಬಿಳಿ ಆಗ್ತೈತೆ. ಇದ್ರಾಗೆ ಕೆಂಪು ಸೋತೈತೆ."

ಅವ್ವ ಬಗ್ಗಿ ನೋಡಿದಳು. ಆ ಪರೀಕ್ಷೆ ಅವಳಿಗೆ ಬಹಳ ಹಿಡಿಸಿತು ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಬಣ್ಣವನ್ನೇ ತೆಗೆದು ನೋಡುವುದು ಅವಳಿಗೆ ಹೊಳೆದಿರಲಿಲ್ಲ.

ಸಾಬರು ವೈರು ಕಿತ್ತು, ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿದರು. ಬೆರಳು ಹಾಕಿ ಎಲ್ಲೋ ಒರೆಸಿ ತೆಗೆದು ಅಂಗಡಿಯವರಿಗೆ ತೋರಿಸಿದರು. ಬೆರಳ ತುದಿಯಲ್ಲಿ ಕಪ್ಪು ಧೂಳು ಜಿಡ್ಡುಗಟ್ಟಿತ್ತು.

"ಒಂದು ವಾರದ ಧೂಳಲ್ಲ ಇದು. ಪಿಕ್ಚರ್ ಟ್ಯೂಬ್ ಹೊಸದಲ್ಲ ಸಾಹುಕಾರ್ರೆ. ಎಲ್ಲೋ ಓಡಿದ್ದನ್ನ ಪಾಲಿಶ್ ಮಾಡಿ ಹೊಸ ಡಬ್ಬಕ್ಕೆ ಕೂರಿಸಿದಾರೆ."

ಅಂಗಡಿಯವರ ಮುಖ ಕೆಂಪಾಯಿತು. "ಲೇ, ಗಿರಾಕಿ ಮುಂದೆ ಹಿಂಗೆ ಹೇಳ್ತೀಯಲ್ಲೋ?" ಅಂದರು, ಅರ್ಧ ತಮಾಷೆ ಮಾಡುವವರ ಹಾಗೆ.

"ಕಂಡದ್ದು ಹೇಳ್ದೆ. ನಾನು ಏನೂ ಇಲ್ಲ ಅಂದು ಕಳಿಸ್ತೀನಿ ಅನ್ರಿ, ನಾಳೆ ಇವರು ಬೇರೆ ಕಡೆ ಬಿಚ್ಚಿಸ್ತಾರೆ. ಅಲ್ಲಿ ಅವನು ಹೇಳ್ತಾನೆ. ಆಗ ನಿಮ್ಮ ಹೆಸರೂ ಹೋತು, ನನ್ನ ಹೆಸರೂ ಹೋತು." ಅವರು ಟಾರ್ಚ್ ಆರಿಸಿ ಜೇಬಿಗೆ ಹಾಕಿಕೊಂಡರು.

ಅಂಗಡಿಯವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬುತ್ತೇನೆ. ಎಲ್ಲರಿಗೂ ಚಹಾ ತರಿಸಿದರು. ಆಮೇಲೆ ಅವ್ವನಿಗೆ, "ನನಗೆ ಇದನ್ನ ಕೊಟ್ಟೋರು ವಾಪಸ್ ತಗಳ್ತಾರೋ ಇಲ್ಲೋ ಗೊತ್ತಿಲ್ಲ. ಅವರೂ ಬಿಲ್ಲಿನ ಕೆಳಗೆ ಇದನ್ನೇ ಬರ್ದಿದಾರೆ," ಅಂದರು.

ಅವ್ವ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ನಾನೂ ಮಾಲು ಕೊಡೋಳೇರಿ. ಬಣ್ಣ ಕೂಡದಿದ್ರೆ ನನಗೂ ವಾಪಸ್ ಬರ್ತೈತೆ. ಬಂದಾಗ ಹೊಟ್ಟೆ ಉರೀತೈತೆ, ಸುಳ್ಳು ಹೇಳಲ್ಲ. ಆದ್ರೂ ಬಿಸಿಲಿಗೆ ಹಿಡಿದು ನೋಡ್ತೀನಿ. ನಂದು ತಪ್ಪಿದ್ರೆ ತಗಂತೀನಿ. ನೀವೂ ನೋಡಿದ್ರಲ್ಲ, ಅಷ್ಟೇ ನಾನು ಕೇಳೋದು."

ಅವರು ಬಹಳ ಹೊತ್ತು ಯೋಚಿಸಲಿಲ್ಲ. ಪ್ರದರ್ಶನಕ್ಕಿಟ್ಟಿದ್ದ, ಆಗ ಹೋಲಿಸಿ ನೋಡಿದ್ದ ಟಿವಿಯನ್ನೇ ತೋರಿಸಿದರು. ಪರದೆ ಸ್ವಲ್ಪ ಚಿಕ್ಕದು. ಎಡಗಡೆಯ ಪ್ಲಾಸ್ಟಿಕ್ಕಿಗೆ ಗೀರು ಬಿದ್ದಿತ್ತು. ಹಾಗಾಗಿ ಅದು ಎಷ್ಟೋ ದಿನದಿಂದ ಮಾರಾಟವಾಗದೆ ಉಳಿದಿತ್ತು. ಅದನ್ನು ಇದರ ಬದಲಿಗೆ ಕೊಡುತ್ತೇನೆ, ಮೇಲೆ ಏನೂ ಕೊಡಬೇಡಿ ಎಂದರು. ಅಪ್ಪ ಗೀರಿನ ಮೇಲೆ ಬೆರಳಾಡಿಸಿದ. ಅವನಿಗೆ ಮನಸ್ಸಿರಲಿಲ್ಲ. ಹೊಸದು ತರಲು ಬಂದು ಗೀರು ಬಿದ್ದದ್ದನ್ನು ಒಯ್ಯುವುದೇ ಎಂದು ನನಗೂ ಅನಿಸಿತು.

ಅವ್ವ ಸಾಬರ ಕಡೆ ತಿರುಗಿದಳು. "ಇದನ್ನೂ ಬಿಚ್ಚಿ ತೋರಿಸ್ರಿ."

ಸಾಬರು ನಕ್ಕು ಬಿಚ್ಚಿದರು. ಒಳಗೆ ಚೊಕ್ಕಟವಾಗಿತ್ತು. ಪರದೆಯ ನಾಲ್ಕೂ ಮೂಲೆಯಲ್ಲಿ ಗೆರೆಗಳು ನೆಟ್ಟಗಿವೆಯೇ, ಎಲ್ಲಾದರೂ ನೇರಳೆ ಮಚ್ಚೆ ಇದೆಯೇ ಎಂದು ಅವರೇ ಒಂದೊಂದಾಗಿ ತೋರಿಸಿದರು. ಅವ್ವ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. "ಗೀರು ಪೆಟ್ಟಿಗೆಗೆ ಬಿದ್ದೈತೆ. ನಾವು ಪೆಟ್ಟಿಗೆ ನೋಡಲ್ಲ," ಎಂದು ಅಪ್ಪನಿಗೆ ಹೇಳಿದಳು.

ಕೊನೆಗೆ ಇನ್ನೊಂದು ಮಾತು ತೆಗೆದಳು. "ಅಂಗಡಿ ಬೆಳಕಿನಾಗೆ ಎಲ್ಲಾ ಚೆನ್ನಾಗೇ ಕಾಣ್ತೈತೆ. ಮನೆ ಬೆಳಕಿನಾಗೆ ಏಳು ದಿನ ನೋಡ್ತೀನಿ. ಕೂಡದಿದ್ರೆ ತರ್ತೀನಿ. ಅದನ್ನ ಬರ್ದು ಕೊಡ್ರಿ."

ಅಂಗಡಿಯವರು ಪೆನ್ನು ತೆಗೆದರು. ಆಮೇಲೆ ಬಿಲ್ಲಿನ ಕೆಳಗಿನ ಅಚ್ಚಿನ ಸಾಲಿಗೆ ಗೆರೆ ಎಳೆದು, ಏಳು ದಿನದೊಳಗೆ ಪರದೆ ಸರಿ ಇಲ್ಲದಿದ್ದರೆ ವಾಪಸ್ ಪಡೆಯಲಾಗುವುದು ಎಂದು ಕೈಯಲ್ಲಿ ಬರೆದು ಸಹಿ ಹಾಕಿದರು. ಅಲ್ಲಿದ್ದ ಒಬ್ಬ ಗಿರಾಕಿ, ಹಂಗಾದ್ರೆ ನನಗೂ ಬರ್ದು ಕೊಡ್ರಿ, ಅಂದರು. ಅಂಗಡಿಯವರು ಅವರಿಗೂ ಬರೆದುಕೊಟ್ಟರು.

ಮನೆಯಲ್ಲಿ ಆ ಟಿವಿ ಚೆನ್ನಾಗಿಯೇ ನಡೆಯಿತು. ಟೊಮೆಟೊ ಟೊಮೆಟೊ ಆಗಿ ಕಂಡಿತು. ಅವ್ವ ಎರಡು ದಿನ ನೋಡಿ ಮತ್ತೆ ಹಿತ್ತಲಿಗೆ ಹೋದಳು. ಅವಳಿಗೆ ಟಿವಿ ನೋಡುವ ಆಸೆ ನಿಜಕ್ಕೂ ಇರಲಿಲ್ಲ.

ಆರನೇ ದಿನ ನಾನು ಶಾಲೆಯಿಂದ ಬಂದಾಗ ರಿಪೇರಿ ಸಾಬರು ನಮ್ಮ ನಡುಮನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಮ್ಮೂರ ಪಕ್ಕದ ಹಾನಗಲ್ಲಿನಲ್ಲಿ ಯಾರದೋ ಟಿವಿ ರಿಪೇರಿಗೆ ಬಂದವರನ್ನು ಅಂಗಡಿಯವರು, ಅಲ್ಲಿಂದ ಹತ್ತಿರ, ಹಂಗೇ ಒಂದು ಸಲ ನೋಡ್ಕಂಡು ಬಾ ಎಂದು ಕಳಿಸಿದ್ದರಂತೆ. ನಾವು ಬಂದ ಭಾನುವಾರದ ಮಧ್ಯಾಹ್ನವೇ ಅಂಗಡಿಯವರು ಅದೇ ಹೆಸರಿನ ಉಳಿದ ಟಿವಿಗಳನ್ನೆಲ್ಲ ಬಿಚ್ಚಿಸಿದರು, ಇನ್ನೂ ಎರಡರಲ್ಲಿ ಹಳೇ ಟ್ಯೂಬ್ ಸಿಕ್ಕಿತು, ಮೂರನ್ನೂ ಲಾರಿಗೆ ಹಾಕಿ ವಾಪಸ್ ಕಳಿಸಿದರು, ಆ ಹೆಸರಿನದನ್ನು ಮತ್ತೆ ತರಿಸುವುದಿಲ್ಲ ಎಂದಿದ್ದಾರೆ ಎಂದು ಸಾಬರು ಹೇಳಿದರು.

ಆ ಹೊತ್ತಿಗೆ ಅವರ ಕಣ್ಣು ಹಿತ್ತಲ ಗಳದ ಮೇಲಿದ್ದ ನೂಲಿನ ಕಡೆ ಹೋಗಿತ್ತು. ಅವರ ತಂಗಿಯ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ತಲೆಗೆ ಹೊದೆಯುವ ಒಂದು ಬಿಳಿ ರೇಷ್ಮೆಯ ಓಢಣಿ ಇದೆ, ಅದಕ್ಕೆ ಬಣ್ಣ ಹಾಕಿಕೊಡುತ್ತೀರಾ ಎಂದು ಕೇಳಿದರು.

"ಯಾವ ಬಣ್ಣ ಸಾಬ್ರೆ?"

"ಧಾನಿ. ನಮ್ಮ ಮನೆಯಾಗೆ ಧಾನಿ ಅಂತಾರೆ. ಹಗುರಾಗಿರ್ಲಿ, ಜಾಸ್ತಿ ಬ್ಯಾಡ."

ಅವ್ವ ತಲೆ ಆಡಿಸಿದಳು. ಮಾದರಿ ಎಳೆ ಕೇಳಲಿಲ್ಲ. ಜೀವಮಾನದಲ್ಲಿ ಮಾದರಿ ಇಲ್ಲದೆ ಅವಳು ಒಪ್ಪಿಕೊಂಡ ಕೆಲಸ ಅದೊಂದೇ ಇರಬೇಕು. ಓಢಣಿ ಬಂತು. ಅವ್ವ ಧಾನಿ ಎಂದರೆ ಧಾನ್ಯ ಎಂದು ತಿಳಿದು, ಮಾಗಿದ ಜೋಳದ ತೆನೆಯಂಥ ಎಳೆ ಹಳದಿಗೆ ಅದನ್ನು ಅದ್ದಿದಳು. ಬಹಳ ಚೆಂದ ಬಂದಿತ್ತು. ಇಸ್ತ್ರಿ ಮಾಡಿ ಮಡಿಚಿ, ಚಳ್ಳಕೆರೆಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದಳು. ಬಣ್ಣ ಹಾಕಿದ್ದಕ್ಕೆ ಏನೂ ಬೇಡ ಎಂದು ಮೊದಲೇ ಹೇಳಿದ್ದಳು.

ಒಂದು ವಾರವಾದ ಮೇಲೆ ಸಾಬರು ಬಂದರು. ಅಂದು ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಕೂತರು. ನೀರು ಕುಡಿದರು. ಟಿವಿ ಹೆಂಗೈತೆ ಎಂದು ಕೇಳಿದರು. ಎದ್ದು ಹಿಂದಿನ ವೈರನ್ನು ಅಲ್ಲಾಡಿಸಿ ನೋಡಿದರು. ಕೇಬಲ್‌ನವರ ಬಗ್ಗೆ ಮಾತಾಡಿದರು. ಮತ್ತೆ ನೀರು ಕೇಳಿದರು. ಕೈಯಲ್ಲಿದ್ದ ರೆಕ್ಸಿನ್ ಬ್ಯಾಗನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿದರು. ಕೊನೆಗೆ, "ಬರ್ತೀನಿ ಅವ್ವಾ," ಎಂದು ಎದ್ದೇಬಿಟ್ಟರು.

ಅವ್ವ ಬಾಗಿಲ ಹತ್ತಿರ ನಿಂತಿದ್ದಳು. "ಬ್ಯಾಗಿನಾಗೆ ಏನೈತೆ ಸಾಬ್ರೆ?"

"ಏನಿಲ್ಲ."

"ತೆಗೀರಿ. ಮದುವೆ ಹುಡುಗಿಗೆ ಹಿಡಿಸ್ಲಿಲ್ಲ, ಅಲ್ಲೇನ್ರಿ?"

ಚಳ್ಳಕೆರೆಯಿಂದ ಬಸ್ಸು ಹತ್ತಿ ಬರುವ ಧೈರ್ಯ ಮಾಡಿದ್ದವರು ಬ್ಯಾಗಿನ ಜಿಪ್ಪು ಎಳೆಯುವ ಧೈರ್ಯ ಮಾಡಲಾರದೆ ನಿಂತಿದ್ದರು. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಕಂಡದ್ದನ್ನು ಹೇಳಿದ ಮನುಷ್ಯ ಇವರೇನಾ ಅನಿಸಿತು ನನಗೆ.

"ಬಣ್ಣ ಚೆನ್ನಾಗೈತೆ ಅವ್ವಾ," ಅಂದರು ಮೆಲ್ಲಗೆ. "ನಂದೇ ತಪ್ಪು. ಧಾನಿ ಅಂದ್ರೆ ನಮ್ಮ ಕಡೆ ಹಸಿರು. ನಾಟಿ ಮಾಡಿದ ಭತ್ತದ ಪೈರು ಇರ್ತೈತಲ್ಲ, ಆ ಎಳೆ ಹಸಿರು. ನಾನು ಸರಿಯಾಗಿ ಹೇಳ್ಲಿಲ್ಲ."

ಅವ್ವ ಓಢಣಿಯನ್ನು ಬಿಚ್ಚಿ ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದಳು. ಅದರ ಹಳದಿಯನ್ನು ತಾನೇ ಮೆಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿದಳು. "ಮಾದರಿ ಕೇಳ್ದೆ ನಾನು ಹಂಡೆ ಇಡಬಾರದಿತ್ತು," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಒಲೆಗೆ ಎರಡು ಕಟ್ಟಿಗೆ ಹಾಕು," ಅಂದಳು.

ಹಳದಿಗೆ ನೀಲಿ ಕೂಡಿದರೆ ಹಸಿರು. ಎಷ್ಟು ನೀಲಿ ಎಂಬುದಷ್ಟೇ ಪ್ರಶ್ನೆ. ಅವ್ವ ಎರಡು ಬೆರಳಿನಲ್ಲಿ ನೀಲಿ ಪುಡಿ ಹಿಡಿದು, ಅರ್ಧ ಉದುರಿಸಿ, ಉಳಿದದ್ದನ್ನು ಡಬ್ಬಕ್ಕೆ ವಾಪಸ್ ಹಾಕಿದಳು. ಸಾಬರು ಅಂಗಿಯ ತೋಳು ಮಡಿಚಿ ಕೋಲು ಹಿಡಿದು ಹಂಡೆ ತಿರುಗಿಸಿದರು. ಓಢಣಿಯ ಹಳದಿ ನಿಧಾನವಾಗಿ, ಒಳಗಿನಿಂದ ಬಂದ ಹಾಗೆ, ಹಸಿರಿಗೆ ತಿರುಗಿತು. ಅವ್ವ ಒಂದು ತುದಿ ಎತ್ತಿ, ಊದಿ ಒಣಗಿಸಿ, ಬಾಗಿಲ ಬೆಳಕಿನಲ್ಲಿ ಹಿಡಿದಳು.

"ಇದೇನ್ರಿ?"

"ಇನ್ನೊಂಚೂರು."

ಮತ್ತೆ ಸ್ವಲ್ಪ ಹೊತ್ತಾದ ಮೇಲೆ ಎತ್ತಿದಳು. ಸಾಬರು ಸರಿ ಎಂಬಂತೆ ತಲೆ ಆಡಿಸಿದರು. ಅಪ್ಪ ಮಗ್ಗದಿಂದ ಎದ್ದು ಬಂದು ನೋಡಿ ಹೋದ.

ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಬಣ್ಣ ಸುಡುತ್ತದೆ. ಆದರೆ ಚಳ್ಳಕೆರೆಯ ಬಸ್ಸಿಗೆ ಹೊತ್ತಾಗಿತ್ತು. ಅವ್ವ ನೀರು ಹಿಂಡಿ, ಒಂದು ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟಳು. ಮನೆಗೆ ಹೋದ ಕೂಡಲೇ ಬಿಚ್ಚಿ ಹಾಕಿ, ಗಂಟು ಕಟ್ಟಿಟ್ಟರೆ ಕಲೆಯಾಗುತ್ತದೆ ಎಂದು ಹೇಳಿದಳು. ಸಾಬರು ಆ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋಗಿದ್ದೆ. ಬಸ್ಸು ಹೊರಡುವಾಗ ನೋಡಿದರೆ ಅವರು ಕಿಟಕಿ ಬದಿಯ ಸೀಟಿನಲ್ಲಿ ಕೂತು ಪಂಚೆಯನ್ನು ಬಿಚ್ಚಿ ಓಢಣಿಯನ್ನು ಮಡಿಲ ಮೇಲೆ ಹರವಿಕೊಂಡಿದ್ದರು. ಒಂದು ತುದಿಯನ್ನು ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿನ ಕೈಗೆ ಕೊಟ್ಟಿದ್ದರು. ಆಕೆಯೂ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.